ಕರಿ ಧೂಳಿನ ಚರಿತ್ರೆ

ಚರಿತ್ರೆ ಅಂದರೆ ರಾಜರ ವಂಶಾವಳಿ ಎಂದು ನಮಗೆ ಕಲಿಸಿದರು. ನಮ್ಮೂರು ಅಮ್ಮಿನಬಾವಿಯಲ್ಲಿ ಹಳೆಯ ಬಸದಿ ಇದೆ, ಶಾಸನದ ಕಲ್ಲುಗಳಿವೆ. ಪಂಡಿತರು ಬಂದು ಓದಿಕೊಂಡು ಹೋಗಿದ್ದಾರೆ. ಆ ಕಲ್ಲು ಕಡಿದವರ, ಹೊತ್ತು ತಂದವರ ಶ್ವಾಸಕೋಶ ಏನಾಯಿತು ಅನ್ನೋದನ್ನು ಓದುವ ಪಂಡಿತರು ಇನ್ನೂ ಬಂದಿಲ್ಲ. ನಾನು ಪಂಡಿತನಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಕಾಗದ ಕಂಡ ಮೊದಲನೆಯವನು, ಅಷ್ಟೆ. ಆದರೂ ಒಂದು ಲೋಹದ ಚರಿತ್ರೆ ಬರೆಯಲು ಕೂತಿದ್ದೇನೆ.

ಆ ಲೋಹದ ಹೆಸರು ಮ್ಯಾಂಗನೀಸ್. ಬಂಗಾರದ ಹಾಗೆ ಹೊಳೆಯುವುದಿಲ್ಲ, ಕಬ್ಬಿಣದ ಹಾಗೆ ಹೆಸರು ಮಾಡಿಲ್ಲ. ಕರಿ ಕಲ್ಲು, ಕುಟ್ಟಿದರೆ ಕರಿ ಪುಡಿ. ಅದಿಲ್ಲದೆ ಉಕ್ಕಿಲ್ಲ, ರೈಲು ಹಳಿ ಇಲ್ಲ, ಬ್ಯಾಟರಿಯ ಸೆಲ್ಲಿಲ್ಲ. ಅದನ್ನು ಅಗೆದ, ಕುಟ್ಟಿದ, ಕಾಯಿಸಿದ ಜನರ ಮೆದುಳಿನೊಳಗೂ ಅದು ಹೋಗಿ ಕೂತಿದೆ. ಕೂತಲ್ಲಿ ಏನು ಮಾಡುತ್ತದೆ? ಮುಖ ಕಲ್ಲಾಗುತ್ತದೆ. ದನಿ ಇಳಿಯುತ್ತದೆ. ಹೆಜ್ಜೆ ತಪ್ಪುತ್ತದೆ. ನಮ್ಮ ಕಡೆ ಮುದುಕರಿಗೆ ಬರುವ ನಡುಗೋ ಬ್ಯಾನಿ ಇದೆಯಲ್ಲ, ಡಾಕ್ಟರು ಪಾರ್ಕಿನ್ಸನ್ ಅಂತಾರಲ್ಲ, ಅದರ ದಾಯಾದಿಯಂಥ ರೋಗ.

ಮೊದಲು ಆ ಪಾರ್ಕಿನ್ಸನ್ ಅನ್ನುವವನ ಬಗ್ಗೆ ಎರಡು ಮಾತು. ರೋಗಕ್ಕೆ ಹೆಸರಾಗಿ ಉಳಿದ ಈ ಮನುಷ್ಯ ಯಾರೆಂದು ನಮ್ಮ ಪಠ್ಯಗಳು ಹೇಳುವುದಿಲ್ಲ. ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ ಔಷಧ ಕೊಡುತ್ತಿದ್ದ ವೈದ್ಯ. 1790ರ ದಶಕದಲ್ಲಿ, ಫ್ರಾನ್ಸಿನ ಕ್ರಾಂತಿಯ ಕಾವು ಇಂಗ್ಲೆಂಡಿಗೂ ತಾಕಿದ್ದಾಗ, ಕಸುಬುದಾರರೂ ಕೈಕೆಲಸದವರೂ ಕೂಡಿ ಕಟ್ಟಿದ್ದ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಯಲ್ಲಿ ಇವನೂ ಇದ್ದ. ಬಡವನಿಗೂ ಮತ ಬೇಕು ಅನ್ನುವುದು ಅವರ ಕೂಗು. ‘ಓಲ್ಡ್ ಹ್ಯೂಬರ್ಟ್’ ಎಂಬ ಸುಳ್ಳು ಹೆಸರಿನಲ್ಲಿ ಕರಪತ್ರ ಬರೆಯುತ್ತಿದ್ದ. 1794ರಲ್ಲಿ ರಾಜನನ್ನು ಕೊಲ್ಲುವ ಸಂಚಿನ ಆರೋಪ ಹೊತ್ತ ತನ್ನ ಸಂಗಾತಿಗಳ ಪರವಾಗಿ ಪ್ರೀವಿ ಕೌನ್ಸಿಲ್ಲಿನ ಮುಂದೆ ನಿಂತು ಉತ್ತರ ಕೊಟ್ಟ. ಬಂಡಾಯಗಾರ ಕಣ್ರಪ್ಪ, ನಮ್ಮವ! 1817ರಲ್ಲಿ ಈ ರೋಗದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲಿ ಇರುವವರು ಆರೇ ಆರು ಮಂದಿ ರೋಗಿಗಳು. ಮೂವರನ್ನು ಅವನು ಕಂಡದ್ದು ಬೀದಿಯಲ್ಲಿ. ಕೈ ನಡುಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ನಡೆಯಹೊರಟವನು ತನಗೆ ತಿಳಿಯದೆ ಓಡತೊಡಗುತ್ತಾನೆ, ಬುದ್ಧಿ ಮಾತ್ರ ನೆಟ್ಟಗಿರುತ್ತದೆ ಎಂದು ಬರೆದ. ಬೀದಿಯಲ್ಲಿ ಹೋಗುವವರ ನಡಿಗೆ ನೋಡಿ ರೋಗ ಹಿಡಿದವನ ಕಣ್ಣು ಎಂಥದಿರಬೇಕು, ವಿಚಾರ ಮಾಡಿ.

ಅವನ ಪುಸ್ತಕ ಬಂದು 20 ವರ್ಷಕ್ಕೆ, 1837ರಲ್ಲಿ, ಗ್ಲಾಸ್ಗೋದಲ್ಲಿ ಜಾನ್ ಕೂಪರ್ ಎಂಬ ವೈದ್ಯ ಐವರು ಕೂಲಿಗಳನ್ನು ಕಂಡ. ಅವರು ಟೆನಂಟ್ ಕಂಪನಿಯ ರಾಸಾಯನಿಕ ಕಾರ್ಖಾನೆಯಲ್ಲಿ ಮ್ಯಾಂಗನೀಸಿನ ಕರಿ ಪುಡಿ ಅರೆಯುವವರು. ಕಾಲಲ್ಲಿ ಬಲವಿಲ್ಲ, ಮುಂದಕ್ಕೆ ಬಾಗಿ ತಡವರಿಸಿ ನಡೆಯುತ್ತಾರೆ, ಬಾಯಿಂದ ಜೊಲ್ಲು, ದನಿ ಪಿಸುಮಾತಿನಷ್ಟು. ನಡುಕ ಮಾತ್ರ ಇಲ್ಲ. ಧೂಳೇ ಕಾರಣ ಎಂದು ಕೂಪರ್ ಬರೆದ. ಅದು ಲೋಕದಲ್ಲಿ ಮ್ಯಾಂಗನೀಸ್ ವಿಷದ ಮೊದಲ ವರದಿ. ಆಮೇಲೆ? ಆಮೇಲೆ 60 ವರ್ಷಕ್ಕೂ ಹೆಚ್ಚು ಕಾಲ ವೈದ್ಯಲೋಕ ಅದನ್ನು ಮರೆತೇಬಿಟ್ಟಿತು. 1901ರಲ್ಲಿ ಎಂಬ್ಡೆನ್ ಮತ್ತು ಫಾನ್ ಯಾಕ್ಷ್ ಎಂಬ ಇಬ್ಬರು ಮತ್ತೆ ಅಂಥದೇ ಕೂಲಿಗಳನ್ನು ಕಂಡು ಮತ್ತೆ ಮೊದಲಿಂದ ಬರೆಯಬೇಕಾಯಿತು. ಐವರು ದೊರೆಗಳ ಕಾಲು ಬಿದ್ದಿದ್ದರೆ ಲೋಕ 60 ವರ್ಷ ಮರೆಯುತ್ತಿತ್ತೇ?

ಆ ಪುಡಿ ಅರೆಯುತ್ತಿದ್ದದ್ದು ಏತಕ್ಕೆ ಗೊತ್ತೆ? ಬಟ್ಟೆ ಬಿಳಿ ಮಾಡಲಿಕ್ಕೆ. ಮ್ಯಾಂಗನೀಸಿನ ಕರಿ ಪುಡಿಗೆ ಆಮ್ಲ ಸೇರಿಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಆ ಅನಿಲವನ್ನು ಸುಣ್ಣಕ್ಕೆ ಕುಡಿಸಿದರೆ ಬ್ಲೀಚಿಂಗ್ ಪುಡಿ. ಟೆನಂಟ್ 1799ರಲ್ಲೇ ಅದರ ಹಕ್ಕುಪತ್ರ ಪಡೆದಿದ್ದ. ಅದಕ್ಕೆ ಮುಂಚೆ ಬಟ್ಟೆಯನ್ನು ತಿಂಗಳುಗಟ್ಟಲೆ ಹುಲ್ಲುಗಾವಲಲ್ಲಿ ಬಿಸಿಲಿಗೆ ಹಾಸುತ್ತಿದ್ದರು. ಲ್ಯಾಂಕಾಶೈರಿನ ಮಿಲ್ಲುಗಳಿಗೆ ತಿಂಗಳು ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

ಇಲ್ಲಿ ನಮ್ಮ ನೆಲ ಕತೆಯೊಳಗೆ ಬರುತ್ತದೆ. ಅಮ್ಮಿನಬಾವಿಯ ಸುತ್ತ ಎರೆ ಹೊಲ. ಹತ್ತಿಯ ಹೊಲ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜ ತಂದು ಧಾರವಾಡ ಜಿಲ್ಲೆಯ ಎರೆಯಲ್ಲಿ ಬಿತ್ತಿಸಿತು. ‘ಧಾರವಾಡ ಅಮೆರಿಕನ್’ ಅಂತ ಅದಕ್ಕೆ ಹೆಸರೇ ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಮ್ಯಾಂಚೆಸ್ಟರ್ ಬಾಯಿ ತೆರೆದು ಕೂತಿತು. ಅರಳೆ ಬಂಡಿಗಳು ಘಟ್ಟ ಇಳಿದು ಕುಮಟೆಗೆ ಹೋದವು. ತಿರುಗಿ ಬಂದದ್ದು ಏನು? ಬೆಳ್ಳನೆಯ ಮಿಲ್ ಬಟ್ಟೆ. ನಮ್ಮ ನೇಕಾರನ ಮಗ್ಗ ಮೂಲೆ ಸೇರಿತು. ಇಲ್ಲಿ ಮಗ್ಗ ಕಳಕೊಂಡವನೂ ಅಲ್ಲಿ ಪುಡಿ ಅರೆದು ಕಾಲು ಕಳಕೊಂಡವನೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರ ನಡುವೆ ಒಂದು ಬಿಳಿ ಥಾನು ಬಿಚ್ಚಿಕೊಂಡಿತ್ತು.

ಮುಂದೆ ಬಟ್ಟೆಯ ಜಾಗಕ್ಕೆ ಉಕ್ಕು ಬಂತು. 1856ರಲ್ಲಿ ಬೆಸಿಮರ್ ಉಕ್ಕು ಮಾಡುವ ಹೊಸ ವಿಧಾನ ತೋರಿಸಿದ. ಆದರೆ ಆ ಉಕ್ಕು ಬಿರುಕು ಬಿಡುತ್ತಿತ್ತು. ಅದಕ್ಕೆ ಮ್ಯಾಂಗನೀಸ್ ಬೆರೆಸಿದಾಗಲೇ ಅದು ಸುತ್ತಿಗೆಗೆ ಬಗ್ಗಿದ್ದು. ಆಗಿನಿಂದ ಜಗತ್ತಿನ ಕುಲುಮೆಗಳಿಗೆ ಮ್ಯಾಂಗನೀಸಿನ ಹಸಿವು ಹಿಡಿಯಿತು. ಆ ಹಸಿವಿಗೆ ಅನ್ನ ಎಲ್ಲಿಂದ? 1890ರ ದಶಕದ ಆರಂಭಕ್ಕೆ ವಿಜಯನಗರಂ ಕಡೆ, 1900ರಿಂದ ಮಧ್ಯಪ್ರಾಂತದ ನಾಗಪುರ, ಬಾಲಾಘಾಟ್ ಕಡೆ ಗಣಿ ಬಿಚ್ಚಿಕೊಂಡವು. 20ನೆಯ ಶತಮಾನದ ಮೊದಲ ದಶಕ ಮುಗಿಯುವ ಮುಂಚೆಯೇ ಭಾರತ ರಷ್ಯಾವನ್ನು ಹಿಂದಕ್ಕೆ ಹಾಕಿ ಅದಿರು ಕಳಿಸುವುದರಲ್ಲಿ ಲೋಕಕ್ಕೆ ಮೊದಲಾಯಿತು. ಅಗೆಯುವುದು ಇಲ್ಲಿ, ಉಕ್ಕಾಗುವುದು ಅಲ್ಲಿ. ಗಂಡಸರು ಅಗೆದರು, ಹೆಂಗಸರೂ ಮಕ್ಕಳೂ ಕೂತು ಸುತ್ತಿಗೆಯಿಂದ ಒಡೆದು, ಕಲ್ಲು ಬೇರೆ ಅದಿರು ಬೇರೆ ಆರಿಸಿದರು. 1909ರಲ್ಲಿ ಭೂಗರ್ಭ ಇಲಾಖೆಯ ಫರ್ಮರ್ ಭಾರತದ ಮ್ಯಾಂಗನೀಸಿನ ಮೇಲೆ ಸಾವಿರ ಪುಟ ಮೀರಿದ ಗ್ರಂಥ ತಂದ. ಅದು ಕಲ್ಲಿನ ಗ್ರಂಥ. ಯಾವ ಗುಡ್ಡದ ಯಾವ ಪದರದಲ್ಲಿ ನೂರಕ್ಕೆ ಎಷ್ಟು ಪಾಲು ಲೋಹ ಅಂತ ಅದರಲ್ಲಿದೆ.

ನಮ್ಮ ಕನ್ನಡ ನಾಡಿನಲ್ಲಿ ಆ ಗುಡ್ಡ ಅಂದರೆ ಸಂಡೂರು. ಬಳ್ಳಾರಿ ಸೀಮೆಯ ನಡುವೆ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 19ನೆಯ ಶತಮಾನದ ಕೊನೆಗೆ ಆ ಗುಡ್ಡಗಳನ್ನು ತಿರುಗಿ ಬರೆದ. ಮುಂದೆ ಜನರಲ್ ಸಂಡೂರು ಮೈನಿಂಗ್ ಕಂಪನಿ ಬಂತು. ರಾಮನದುರ್ಗ, ಕಮ್ಮತ್ತೂರು, ದೇವಗಿರಿ ಹೆಸರುಗಳು ವ್ಯಾಪಾರಿಗಳ ಕಡತ ಸೇರಿದವು. ಅದಿರು ಹೊಸಪೇಟೆಯಿಂದ ಮೀಟರ್‌ಗೇಜ್ ಗಾಡಿ ಏರಿ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ದಾಟಿ ಗೋವೆಯ ಮುರ್ಮುಗಾವಿಗೆ ಹೋಗಿ ಹಡಗು ಹತ್ತುತ್ತಿತ್ತು. ಅಂದರೆ ನಮ್ಮೂರಿಂದ ಹತ್ತಾರು ಕಿಲೋಮೀಟರಿನ ಆಚೆ, ನಮ್ಮ ಅಜ್ಜ ಮುತ್ತಜ್ಜರು ಹೊಲದಲ್ಲಿ ಬಗ್ಗಿ ದುಡಿಯುತ್ತಿದ್ದಾಗ, ಆ ಕರಿ ಕಲ್ಲು ಡಬ್ಬಿ ಡಬ್ಬಿ ತುಂಬಿ ಹೋಗುತ್ತಲೇ ಇತ್ತು. ಸ್ವಾತಂತ್ರ್ಯ ಬಂತು, 1949ರಲ್ಲಿ ಸಂಸ್ಥಾನ ವಿಲೀನವಾಯಿತು, 1954ರಲ್ಲಿ ಅದೇ ರಾಜಮನೆತನ ಸಂಡೂರು ಮ್ಯಾಂಗನೀಸ್ ಕಂಪನಿ ಕಟ್ಟಿತು. ಕಲ್ಲು ಅದೇ, ಸುತ್ತಿಗೆ ಅದೇ, ಬಗ್ಗಿದ ಬೆನ್ನೂ ಅದೇ.

ಸಂಡೂರಿನ ಇನ್ನೊಂದು ಸಂಗತಿ ನಮ್ಮವರು ನೆನಪಿಡಬೇಕು. ಅಲ್ಲಿನ ಕುಮಾರಸ್ವಾಮಿ ಗುಡಿ ಅದಿರಿನ ಬೆಟ್ಟದ ಮೇಲೆಯೇ ಇದೆ. 1932ರಲ್ಲಿ ಅಲ್ಲಿನ ರಾಜ ಆ ಗುಡಿಯನ್ನು ಅಸ್ಪೃಶ್ಯರಿಗೆ ತೆರೆದ. 1934ರಲ್ಲಿ ಗಾಂಧಿ ಅಲ್ಲಿಗೆ ಬಂದು ಹೊಗಳಿದರು. ಒಳ್ಳೆಯದೇ, ಬೇಡ ಅಂದವರಾರು? ಆದರೆ ಅದೇ ಬೆಟ್ಟದ ಹೊಟ್ಟೆ ಬಗೆಯುವ ಕೆಲಸಕ್ಕೆ ಕೂಲಿಯವನ ಜಾತಿ ಅಡ್ಡಿಯಾದದ್ದನ್ನು ಯಾರಾದರೂ ಕೇಳಿದ್ದೀರಾ? ದೇವರ ಬಾಗಿಲಿಗೆ ಕಾಯಬೇಕಾಯಿತು. ಧೂಳಿನ ಬಾಗಿಲು ಯಾವತ್ತೂ ತೆರೆದೇ ಇತ್ತು.

ಈ ಧೂಳು ಗಣಿಯವನಿಗೆ ಏನು ಮಾಡುತ್ತದೆಂದು ದೊಡ್ಡದಾಗಿ ತಿಳಿದದ್ದು ಬಡದೇಶಗಳ ಮೈಮೇಲೆ. 1955ರಲ್ಲಿ ರೋಡಿಯೆ ಎಂಬ ವೈದ್ಯ ಮೊರಾಕ್ಕೊ ದೇಶದ ಗಣಿ ಕೂಲಿಗಳ ಬಗ್ಗೆ ಬರೆದ. ನೆಲದೊಳಗೆ ಬಂಡೆ ಕೊರೆಯುವವರಿಗೇ ಹೆಚ್ಚು ಪೆಟ್ಟು. ಮೊದಲು ಸುಸ್ತು, ನಿದ್ದೆ, ಕಾರಣವಿಲ್ಲದೆ ನಗು, ಕಾರಣವಿಲ್ಲದೆ ಅಳು, ಸುಮ್ಮಸುಮ್ಮನೆ ಜಗಳ. ಆಮೇಲೆ ಮಾತು ತೊದಲಿ ಮುಖ ಮರಗಟ್ಟುತ್ತದೆ. ಕೊನೆಗೆ ಹಿಮ್ಮಡಿ ಊರದೆ ತುದಿಗಾಲಲ್ಲಿ ಹುಂಜದ ಹಾಗೆ ನಡಿಗೆ. ಹಿಂದಕ್ಕೆ ಹೆಜ್ಜೆ ಇಡಹೋದರೆ ಬೀಳುತ್ತಾನೆ. ಚಿಲಿ ದೇಶದ ಗಣಿಗಳಲ್ಲಿ ಇದಕ್ಕೆ ಮ್ಯಾಂಗನೀಸಿನ ಹುಚ್ಚು ಅಂತಲೇ ಹೆಸರು. ನಮ್ಮ ಕಡೆ ಆಗಿದ್ದರೆ ಏನನ್ನುತ್ತಿದ್ದರು? ‘ಕುಡದ್ ಬಂದಾನ, ಬಿಡ್ರಿ’ ಅನ್ನುತ್ತಿದ್ದರು. ಕೂಲಿಯವನ ಕಾಲು ತಡವರಿಸಿದರೆ ಊರಿಗೆ ಹೊಳೆಯುವ ಕಾರಣ ಒಂದೇ.

ಚಿಲಿಯ ಕೂಲಿಗಳ ಹತ್ತಿರ 1960ರ ದಶಕದಲ್ಲಿ ಒಬ್ಬ ಬಂದ. ಜಾರ್ಜ್ ಕೊಟ್ಜಿಯಾಸ್, ಗ್ರೀಸಿನಲ್ಲಿ ಹುಟ್ಟಿ ಅಮೆರಿಕ ಸೇರಿದ ವೈದ್ಯ. ಚಿಲಿಯ ಮೇನಾ ಎಂಬ ವೈದ್ಯನ ಜತೆಗೂಡಿ ಮ್ಯಾಂಗನೀಸ್ ಮೈಯಲ್ಲಿ ಹೇಗೆ ಓಡಾಡುತ್ತದೆ ಅಂತ ಹುಡುಕಿದ. ಒಂದು ವಿಚಿತ್ರ ಕಂಡಿತು. ಗಣಿಯಲ್ಲಿ ಇನ್ನೂ ದುಡಿಯುತ್ತಿದ್ದ ಗಟ್ಟಿಮುಟ್ಟಾದವರ ಮೈಯಲ್ಲಿ ಲೋಹ ಹೆಚ್ಚಿತ್ತು. ರೋಗ ಹತ್ತಿ ಕೆಲಸ ಬಿಟ್ಟು ಮನೆ ಸೇರಿದವರ ಮೈಯಿಂದ ಅದು ಇಳಿದುಹೋಗಿತ್ತು. ಲೋಹ ಹೋಗಿದೆ, ರೋಗ ಹೋಗಿಲ್ಲ. ಇದನ್ನು ಗೆರೆ ಎಳೆದು ಓದಿ. ಹತ್ತು ವರ್ಷದ ಮೇಲೆ ರಕ್ತ ಪರೀಕ್ಷೆ ಮಾಡಿಸಿ, ‘ಏನೂ ಇಲ್ಲ’ ಎಂದು ಕಾಗದ ಕೊಟ್ಟರೆ ಆ ಕಾಗದಕ್ಕೆ ಬೆಲೆಯಿಲ್ಲ.

ಇದೇ ಕೊಟ್ಜಿಯಾಸ್ 1967ರಲ್ಲಿ ಡೋಪಾ ಎಂಬ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಪಾರ್ಕಿನ್ಸನ್ ರೋಗಿಗಳನ್ನು ಎಬ್ಬಿಸಿ ನಡೆಸಿದ. ಇವತ್ತು ಜಗತ್ತಿನ ಎಲ್ಲ ಕಡೆ ಈ ಬ್ಯಾನಿಗೆ ಕೊಡುವ ಲೆವೊಡೋಪಾ ಮಾತ್ರೆಯ ದಾರಿಯಲ್ಲಿ ಚಿಲಿಯ ಗಣಿ ಕೂಲಿಗಳ ಹೆಜ್ಜೆಯೂ ಇದೆ. ನಮ್ಮ ನೆಲದ ಹೆಜ್ಜೆಯೂ ಇದೆ. ಬೇಲಿಯ ಮೇಲೆ ಹಬ್ಬುವ ನಸುಗುನ್ನಿ ಬಳ್ಳಿ ಗೊತ್ತಲ್ಲ, ಮುಟ್ಟಿದರೆ ಮೈಯೆಲ್ಲಾ ತುರಿಕೆ? ಆ ಬೀಜದಲ್ಲಿ ಡೋಪಾ ಇದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ಇಬ್ಬರು ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದ್ದರು. ಕಂಪವಾತಕ್ಕೆ ಆ ಬೀಜವನ್ನು ವೈದ್ಯರು ಹಿಂದಿನಿಂದ ಬಳಸಿದ್ದೂ ಉಂಟು. (ಇದನ್ನು ಓದಿ ಯಾರೂ ಬೀಜ ಕುಟ್ಟಿ ತಿನ್ನಬ್ಯಾಡ್ರಿ. ಅಳತೆ ತಪ್ಪಿದರೆ ವಾಂತಿ, ಭ್ರಮೆ.)

ಇಲ್ಲಿ ಒಂದು ಗಂಟು ಬಿಡಿಸಬೇಕು. ಮ್ಯಾಂಗನೀಸಿನ ರೋಗವೂ ಪಾರ್ಕಿನ್ಸನ್ನೂ ಒಂದೇ ಅಲ್ಲ. ಪಾರ್ಕಿನ್ಸನ್ನಿನಲ್ಲಿ ಸಾಯುವುದು ನಡುಮೆದುಳಿನ ಒಂದು ಕರಿ ಪದರದ ಜೀವಕೋಶ. ಡೋಪಮೈನ್ ಎಂಬ ರಸ ಒಸರುವುದು ಅಲ್ಲಿಂದ. ಆ ಕೋಶ ಸತ್ತಂತೆ ಕರಿ ಬಣ್ಣವೂ ಮಾಸುತ್ತದೆ. ಮ್ಯಾಂಗನೀಸ್ ಹೋಗಿ ಕೂರುವುದು ಇನ್ನೊಂದು ಕಡೆ, ಗ್ಲೋಬಸ್ ಪ್ಯಾಲಿಡಸ್ ಎಂಬ ಆಳದ ಗಂಟಿನಲ್ಲಿ. ಅದಕ್ಕೇ ನಡುಕ ಕಡಿಮೆ, ಬೀಳುವುದು ಜಾಸ್ತಿ. ಮೊದಮೊದಲು ಈ ರೋಗಿಗಳಿಗೂ ಲೆವೊಡೋಪಾ ನಾಟುತ್ತದೆ ಅಂದುಕೊಂಡಿದ್ದರು. 1980ರ ದಶಕದಲ್ಲಿ ತೈವಾನಿನ ಫೆರೋಮ್ಯಾಂಗನೀಸ್ ಕುಲುಮೆಯೊಂದರಲ್ಲಿ ಗಾಳಿಯಾಡುವ ವ್ಯವಸ್ಥೆ ಕೆಟ್ಟು ಕೆಲಸಗಾರರು ಮಲಗಿದಾಗ, ಅವರನ್ನು ವರ್ಷಗಟ್ಟಲೆ ನೋಡಿದ ವೈದ್ಯರು ಮಾತ್ರೆ ನಿಲ್ಲುವುದಿಲ್ಲ ಎಂದು ಬರೆದರು. ಕುಲುಮೆ ಬಿಟ್ಟ ಮೇಲೂ ಅವರ ರೋಗ ಬೆಳೆಯುತ್ತಲೇ ಹೋಯಿತು.

ಹಾಗಾದರೆ ಕಡಿಮೆ ಪ್ರಮಾಣದ ಧೂಳು, ಹೊಗೆ, ಬಹಳ ವರ್ಷ ಸೇವಿಸಿದರೆ ನಿಜವಾದ ಪಾರ್ಕಿನ್ಸನ್ ಕೂಡ ಬೇಗ ಬರುತ್ತದೆಯೆ? ವಿಜ್ಞಾನಿಗಳು ಇದರ ಮೇಲೆ ಜಗಳಾಡುತ್ತಲೇ ಇದ್ದಾರೆ. ಜಗಳ ಇರಲಿ. ಆದರೆ ಎರಡು ರೋಗಗಳ ನಡುವಿನ ಗೆರೆಯನ್ನೇ ಅಡ್ಡ ಹಿಡಿದು ‘ಇದು ಪಾರ್ಕಿನ್ಸನ್, ನಮ್ಮ ಹೊಗೆಯಿಂದ ಬಂದದ್ದಲ್ಲ’ ಎಂದು ಮಾಲಕ ಬಾಗಿಲು ಹಾಕಿಕೊಳ್ಳುವುದು ವಿಜ್ಞಾನವಲ್ಲ. ಬಿದ್ದವನು ಯಾವ ಗಂಟು ಕೆಟ್ಟು ಬಿದ್ದರೂ ಬಿದ್ದವನೇ.

ಮೈಯೊಳಗೆ ಹೋಗುವ ದಾರಿಯೂ ಬಡವನ ಪಾಲಿಗೆ ಬೇರೆ. ಮ್ಯಾಂಗನೀಸ್ ಮೈಗೆ ಚೂರು ಬೇಕು, ಕಾಳು ಕಡಿ ಸೊಪ್ಪಿನಲ್ಲಿ ಇದ್ದೇ ಇದೆ. ತಿಂದದ್ದು ಹೆಚ್ಚಾದರೆ ಕರುಳು ತಡೆಯುತ್ತದೆ, ಲಿವರು ಪಿತ್ತದ ಜತೆ ಹೊರಗೆ ಹಾಕುತ್ತದೆ. ಉಸಿರಿಗೆ ಆ ಕಾವಲುಗಾರ ಇಲ್ಲ. ಮೂಗಿನಿಂದ ಎಳೆದದ್ದು ಪುಪ್ಪುಸದ ಮೂಲಕ ನೇರ ರಕ್ತಕ್ಕೆ, ವಾಸನೆಯ ನರದ ಗುಂಟ ಮೆದುಳಿಗೂ ಸಾಗಬಲ್ಲದು. ಇನ್ನೂ ಒಂದು ಮಾತು. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಕರೆದುಕೊಳ್ಳುವ ಬಾಗಿಲೂ ಮ್ಯಾಂಗನೀಸಿನ ಬಾಗಿಲೂ ಒಂದೇ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಆ ಬಾಗಿಲು ಅಗಲವಾಗುತ್ತದೆ. ಕಬ್ಬಿಣದ ಜಾಗದಲ್ಲಿ ಮ್ಯಾಂಗನೀಸ್ ನುಗ್ಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹೊಟ್ಟೆ ತುಂಬಿದವರ ದೇಶದಲ್ಲಿ ಅಳೆದ ‘ಸುರಕ್ಷಿತ ಪ್ರಮಾಣ’ವನ್ನು ತಂದು, ಅದಿರು ಆರಿಸುವ ನಮ್ಮ ರಕ್ತವಿಲ್ಲದ ಅವ್ವಂದಿರ ಮೇಲೆ ಹೇಗೆ ಹೊದಿಸುತ್ತೀರಿ?

ನೀರಿನ ಮಾತಿಗೆ ಬರೋಣ. ಹೆಸರಿನಲ್ಲೇ ಬಾವಿ ಇರುವ ಊರಿನವನು ನಾನು. ನಮ್ಮಲ್ಲಿ ಬಾವಿ ಅಂದರೆ ಯಾರು ಸೇದಬೇಕು, ಯಾರು ದೂರ ನಿಲ್ಲಬೇಕು ಅನ್ನುವ ಇನ್ನೊಂದು ಚರಿತ್ರೆ, ಅದು ನಿಮಗೆ ಗೊತ್ತೇ ಇದೆ. ಈ ಚರಿತ್ರೆಯಲ್ಲೂ ಒಂದು ಬಾವಿ ಇದೆ, ಜಪಾನಿನಲ್ಲಿ. ಸುಮಾರು 400 ಹಳೆಯ ಸೆಲ್ಲುಗಳನ್ನು ಬಾವಿಯ ಹತ್ತಿರ ಹೂತಿದ್ದರು. ಒಳಗಿನ ಮ್ಯಾಂಗನೀಸ್ ಕರಗಿ ನೀರು ಸೇರಿತು. ಆ ನೀರು ಕುಡಿದವರ ಮುಖ ಮರಗಟ್ಟಿತು, ಮೈ ಸೆಟೆಯಿತು, ಸತ್ತವರೂ ಇದ್ದಾರೆ. 1941ರಲ್ಲಿ ಅದರ ವರದಿ ಬಂತು.

ಸೆಲ್ಲು ಅಂದಕೂಡಲೆ ನನಗೆ ನಮ್ಮ ಸಾಲೆ ನೆನಪಾಗುತ್ತದೆ. ವರ್ಷಕ್ಕೆ ಒಂದೆರಡು ಸಲ ಬೋರ್ಡಿಗೆ ಕರಿ ಹಚ್ಚಬೇಕು. ಹಳೇ ಸೆಲ್ಲು ಕಲ್ಲಿನಿಂದ ಜಜ್ಜಿ, ಒಳಗಿನ ಕರಿ ಪುಡಿ ತೆಗೆದು, ತೊಂಡೆ ಎಲೆಯ ರಸ ಹಾಕಿ ತಿಕ್ಕುವುದು. ‘ಏ, ನೀವ್ ಬರ್ರೋ’ ಅಂತ ಕರೆಯುತ್ತಿದ್ದದ್ದು ನಮ್ಮ ಕೇರಿಯ ಹುಡುಗರನ್ನೇ. ಮೂಗು, ಬಾಯಿ, ಕಣ್ಣಿನ ಗುಡ್ಡೆ ತನಕ ಕರಿ. ನಾವು ಖುಷಿಯಿಂದಲೇ ಹೋಗುತ್ತಿದ್ದೆವು, ಒಂದು ತಾಸು ಪಾಠ ತಪ್ಪುತ್ತಿತ್ತಲ್ಲ! ವರ್ಷಕ್ಕೆ ಎರಡು ಸಲ ಸೆಲ್ಲಿನ ಪುಡಿ ಮೆತ್ತಿಕೊಂಡವನಿಗೆ ಈ ರೋಗ ಬರುವುದಿಲ್ಲ, ಹೆದರಬ್ಯಾಡ್ರಿ. ಆದರೆ ಸೆಲ್ಲಿನ ಆ ಪುಡಿ ಮ್ಯಾಂಗನೀಸಿನದು ಅಂತ ನನಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ. ಅದೇ ಪುಡಿಯಿಂದ ಕರಿಯಾದ ಬೋರ್ಡಿನ ಮೇಲೆ ನಾನು ‘ಅ’ ಕಲಿತದ್ದು.

ಇವತ್ತು ಅಮ್ಮಿನಬಾವಿಯ ಹೆಸರು ಹುಬ್ಬಳ್ಳಿ-ಧಾರವಾಡದ ಮನೆಮನೆಗೆ ಗೊತ್ತಿರುವುದು ನೀರಿನಿಂದಲೇ. ಸವದತ್ತಿಯ ರೇಣುಕಾಸಾಗರದಿಂದ ಎತ್ತಿದ ಮಲಪ್ರಭೆಯ ನೀರು ನಮ್ಮೂರಿನ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಅವಳಿನಗರಕ್ಕೆ ಹರಿಯುತ್ತದೆ. ನೀರು ಶುದ್ಧ ಅಂದರೆ ಮ್ಯಾಂಗನೀಸ್ ಎಷ್ಟಿರಬಹುದು? ಭಾರತದ ಮಾನಕ ಲೀಟರಿಗೆ 0.1 ಮಿಲಿಗ್ರಾಂ ಅನ್ನುತ್ತದೆ. ಬೇರೆ ನೀರೇ ಸಿಗದಿದ್ದರೆ 0.3ರ ತನಕ ಕುಡಿಯಿರಿ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೆ ಗಡಿಯೇ ಬೇಡವೆಂದು ಕೈಬಿಟ್ಟಿತ್ತು. 2021ರಲ್ಲಿ ಮನಸ್ಸು ಬದಲಿಸಿ 0.08 ಅಂತ ತಾತ್ಕಾಲಿಕ ಗಡಿ ಹಾಕಿತು. ಅದಕ್ಕೂ ಮುಂಚೆಯೇ ಬಾಂಗ್ಲಾದೇಶದ ಅರೈಹಜಾರಿನ 10 ವರ್ಷದ ಮಕ್ಕಳನ್ನು ಪರೀಕ್ಷೆ ಮಾಡಿದಾಗ, ಬಾವಿ ನೀರಿನಲ್ಲಿ ಮ್ಯಾಂಗನೀಸ್ ಹೆಚ್ಚಿದ್ದ ಕಡೆ ಮಕ್ಕಳ ಬುದ್ಧಿಯ ಅಂಕ ಕಡಿಮೆ ಇದ್ದದ್ದು ಕಂಡಿತ್ತು. ಘಟಕದಲ್ಲಿ ಗಾಳಿ, ಕ್ಲೋರಿನ್, ಮರಳಿನ ಸೋಸು ಇದ್ದರೆ ಈ ಲೋಹ ಬಹಳಷ್ಟು ಕೆಳಗೆ ಕೂರುತ್ತದೆ. ಬೋರಿನ ನೀರನ್ನು ನೇರ ಕೊಡಕ್ಕೆ ಹಿಡಿಯುವವರಿಗೆ ಸೋಸು ಎಲ್ಲಿದೆ? ಬಿಳಿ ಬಟ್ಟೆ ಒಗೆದರೆ ಕಂದು ಕಲೆ, ಕೊಡದ ಒಳಗೆ ಕರಿ ಲೋಳೆಯಂಥ ಪದರ ಕಟ್ಟಿದರೆ ಅಂಥ ನೀರನ್ನು ಪರೀಕ್ಷೆಗೆ ಕಳಿಸಬೇಕು.

ಗಣಿ ದೂರ, ಕುಲುಮೆ ದೂರ ಅಂತ ಧಾರವಾಡದವರು ನೆಮ್ಮದಿಯಿಂದ ಕೂರುವ ಹಾಗಿಲ್ಲ. ವೆಲ್ಡಿಂಗ್ ಮಾಡುವ ರಾಡಿನಲ್ಲಿ, ಅದರ ಮೇಲಿನ ಲೇಪದಲ್ಲಿ ಮ್ಯಾಂಗನೀಸ್ ಇದೆ. ಕಿಡಿ ಹಾರಿದಾಗ ಏಳುವ ನೀಲಿ ಹೊಗೆಯಲ್ಲಿ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ತೇಲುತ್ತದೆ. ಹುಬ್ಬಳ್ಳಿಯಲ್ಲಿ 19ನೆಯ ಶತಮಾನದ ಕೊನೆಗೇ ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪು ಬಂತು, ಕಬ್ಬಿಣದ ಕೆಲಸ ಊರಿನ ರಕ್ತಕ್ಕೆ ಸೇರಿತು. ಇವತ್ತು ಗಲ್ಲಿಗಲ್ಲಿಗೆ ಗ್ರಿಲ್ಲು, ಗೇಟು, ಟ್ರ್ಯಾಲಿ ಮಾಡುವ ಅಂಗಡಿ. ಕಣ್ಣಿಗೆ ಒಂದು ಕರಿ ಚಷ್ಮಾ, ಮೂಗಿಗೆ ಏನೂ ಇಲ್ಲ.

ನಮ್ಮ ದೊಡ್ಡಪ್ಪ ಇಂಥ ಒಂದು ಅಂಗಡಿಯಲ್ಲಿ 26 ವರ್ಷ ರಾಡು ಹಿಡಿದವರು. ಮೊದಲು ಬರವಣಿಗೆ ಸಣ್ಣದಾಯಿತು. ಸಹಿ ಹಾಕಲು ಕಲಿತಿದ್ದ ಮೂರೇ ಅಕ್ಷರ ಇರುವೆಯ ಹಾಗೆ ಆದವು. ಆಮೇಲೆ ನಡೆಯುವಾಗ ಎಡಗೈ ಬೀಸುವುದು ನಿಂತಿತು. ‘ಯಾಕೋ ಕೈ ಹೇಳಿದಂಗ ಕೇಳವಲ್ದು’ ಅಂದರು. ದೊಡ್ಡವ್ವ ವಾಯು ಅಂತ ಎಣ್ಣೆ ತಿಕ್ಕಿದಳು. ಕೊನೆಗೆ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

‘ಏನಾಗೇತಿ ಅಜ್ಜಾ?’ ಅಂದರು ಡಾಕ್ಟರು.

ಅಜ್ಜನಿಗೆ ಆಗ 52.

‘ಕುಡೀತೀಯೇನು?’

‘ಇಲ್ರೀ ಸಾಹೇಬ್ರ.’

‘ಬೀಡಿ?’

‘ಮೊದ್ಲ ಸೇದ್ತಿದ್ನಿರಿ.’

ಕೈ ಬಗ್ಗಿಸಿ ನೋಡಿದರು, ಪಾರ್ಕಿನ್ಸನ್ ಅಂತ ಬರೆದರು, ಮಾತ್ರೆ ಬರೆದರು. ಕೆಲಸ ಏನು ಅಂತ ಕೇಳಲಿಲ್ಲ. ದೊಡ್ಡಪ್ಪನ ಬ್ಯಾನಿ ರಾಡಿನ ಹೊಗೆಯಿಂದಲೇ ಬಂತು ಅಂತ ನಾನು ಆಣೆ ಮಾಡುವುದಿಲ್ಲ. 1700ರಲ್ಲೇ ಇಟಲಿಯ ರಾಮಾಜಿನಿ ಎಂಬ ವೈದ್ಯ, ಬಡವನ ಮನೆಗೆ ಹೋದ ಡಾಕ್ಟರು ಮುಕ್ಕಾಲಿಯ ಮೇಲಾದರೂ ಕೂತು ‘ನಿನ್ನ ಕಸುಬೇನು?’ ಎಂದು ಕೇಳಬೇಕು ಎಂದು ಬರೆದಿದ್ದ. ಮುನ್ನೂರು ವರ್ಷ ದಾಟಿದೆ.

2001ರಲ್ಲಿ ಅಮೆರಿಕದ ರಸೆಟ್ ಮತ್ತು ಸಂಗಡಿಗರು ಪಾರ್ಕಿನ್ಸನ್ ಬಂದ 15 ವೆಲ್ಡರುಗಳನ್ನು ಬೇರೆ ರೋಗಿಗಳ ಜತೆ ಹೋಲಿಸಿದರು. ಬೇರೆಯವರಿಗೆ ಸರಾಸರಿ 63ಕ್ಕೆ ಬಂದ ರೋಗ ವೆಲ್ಡರುಗಳಿಗೆ 46ಕ್ಕೇ ಬಂದಿತ್ತು. ಲೆಕ್ಕ ಸಣ್ಣದು ಎಂದು ಆಕ್ಷೇಪ ಬಂತು. 2017ರಲ್ಲಿ ಅವರೇ 886 ಕೆಲಸಗಾರರನ್ನು ನೋಡಿ, ಹೊಗೆ ಹೆಚ್ಚು ಕುಡಿದಷ್ಟೂ ಮೈ ಬಿಗಿಯುವ, ನಿಧಾನವಾಗುವ ಲಕ್ಷಣ ಹೆಚ್ಚುತ್ತದೆ ಎಂದು ಬರೆದರು. ದಕ್ಷಿಣ ಆಫ್ರಿಕದ ಮೇಯರ್ಟನ್ನಿನಲ್ಲಿ ಕುಲುಮೆಯೊಳಗೆ ಕಾಲಿಡದವರನ್ನೂ, ಅದರ ಪಕ್ಕದ ಬಡಾವಣೆಯಲ್ಲಿ ಸುಮ್ಮನೆ ಬದುಕಿದವರನ್ನೂ ಪರೀಕ್ಷಿಸಿದ್ದಾರೆ. ದೂರದ ಊರಿನವರಿಗಿಂತ ಅವರ ಕೈಕಾಲು ನಿಧಾನ.

ಇನ್ನು ಕಾಯ್ದೆ. 1952ರ ಗಣಿ ಕಾಯ್ದೆಯ ಕೆಳಗೆ, 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ, 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ, ಮೂರರಲ್ಲೂ ಮ್ಯಾಂಗನೀಸ್ ವಿಷ ಕಸುಬಿನ ರೋಗವೆಂದು ಸೇರಿತ್ತು. ಅಂದರೆ ಸರಕಾರಕ್ಕೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. 1987ರ ತಿದ್ದುಪಡಿಯ ಮೇಲೆ ಕಾರ್ಖಾನೆ ಕಾಯ್ದೆ ಗಾಳಿಯಲ್ಲಿ ಮ್ಯಾಂಗನೀಸ್ ಧೂಳಿಗೆ ಘನಮೀಟರಿಗೆ 5 ಮಿಲಿಗ್ರಾಂ, ಹೊಗೆಗೆ 1 ಮಿಲಿಗ್ರಾಂ ಗಡಿ ಹಾಕಿತು. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಮಂಡಳಿ 2013ರಲ್ಲಿ ಸೂಚಿಸಿದ ಗಡಿ, ಪುಪ್ಪುಸದ ಆಳಕ್ಕಿಳಿಯುವ ಸಣ್ಣ ಕಣಕ್ಕೆ 0.02. ಒಟ್ಟು ಉಸಿರಿಗೆ ಹೋಗುವುದಕ್ಕೆ 0.1. ಐದೆಲ್ಲಿ, ಸೊನ್ನೆ ಬಿಂದು ಒಂದೆಲ್ಲಿ? ನಮ್ಮ ಮೂಗು ಅವರ ಮೂಗಿಗಿಂತ ಐವತ್ತು ಪಟ್ಟು ಗಟ್ಟಿಯೆ? ಮುಂದೆ ಗಣಿ ಕಾಯ್ದೆ, ಕಾರ್ಖಾನೆ ಕಾಯ್ದೆ ಎರಡನ್ನೂ 2020ರ ಹೊಸ ಸಂಹಿತೆಯೊಳಗೆ ಸೇರಿಸಿದರು. ಗಲ್ಲಿಯ ಗೇಟಿನ ಅಂಗಡಿಗೆ ಯಾವ ಕಾಯ್ದೆಯ ಇನ್ಸ್‌ಪೆಕ್ಟರೂ ಬಂದದ್ದನ್ನು ದೊಡ್ಡಪ್ಪ 26 ವರ್ಷದಲ್ಲಿ ನೋಡಿಲ್ಲ.

‘ಬಡದೇಶಗಳಲ್ಲಿ ಪಾರ್ಕಿನ್ಸನ್ ಕಡಿಮೆ’ ಎಂದು ಬಹಳ ಕಾಲ ಹೇಳಿಕೊಂಡು ಬಂದರು. ಎಣಿಕೆ ನೋಡಿ. 1988ರಲ್ಲಿ ಮುಂಬಯಿಯ ಪಾರ್ಸಿಗಳಲ್ಲಿ ಲಕ್ಷಕ್ಕೆ 328 ಮಂದಿ. ನಿಮ್ಹಾನ್ಸಿನ ಗೌರಿದೇವಿಯವರ ತಂಡ ಬೆಂಗಳೂರು ಜಿಲ್ಲೆಯಲ್ಲಿ ಲಕ್ಷ ಜನರ ಮನೆ ತಟ್ಟಿ ಎಣಿಸಿ 2004ರಲ್ಲಿ ಪ್ರಕಟಿಸಿದಾಗ ಲಕ್ಷಕ್ಕೆ 33. ಹತ್ತರಲ್ಲಿ ಒಂದು! ಇದಕ್ಕೆ ದೊಡ್ಡ ಕಾರಣ ಪಾರ್ಸಿಗಳಲ್ಲಿ ಮುದುಕರು ಹೆಚ್ಚು ಅನ್ನುವುದು. ಮುದಿತನದ ರೋಗ ಬರಬೇಕಾದರೆ ಮುದುಕರಾಗುವ ತನಕ ಬದುಕಬೇಕಲ್ಲ. ಕ್ಷಯಕ್ಕೆ, ಸಿಲಿಕೋಸಿಸ್ಸಿಗೆ ನಲವತ್ತೈದಕ್ಕೇ ಹೋದ ಕಲ್ಲು ಕೂಲಿ ಪಾರ್ಕಿನ್ಸನ್ನಿನ ಲೆಕ್ಕದಲ್ಲಿ ಆರೋಗ್ಯವಂತ. ಈಗ ಆಯಸ್ಸು ಬೆಳೆಯುತ್ತಿದೆ. 2019ರಲ್ಲಿ ಲೋಕದಲ್ಲಿ 85 ಲಕ್ಷ ಜನರಿಗೆ ಈ ರೋಗ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಸಂಡೂರಿಗೆ ಮರಳುತ್ತೇನೆ. ಬಳ್ಳಾರಿ ಗಣಿಗಾರಿಕೆಯ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯ. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸಿತು. ದೊಡ್ಡ ಕೆಲಸ, ಮರೆಯಬಾರದು. ಅಲ್ಲಿಂದ ದಂಡದ, ಹರಾಜಿನ ದುಡ್ಡು ಸೇರಿ, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಇಪ್ಪತ್ತು ಸಾವಿರ ಕೋಟಿ ರೂಪಾಯಿ ಮೀರಿದ ಯೋಜನೆಗೆ 2022ರಲ್ಲಿ ಕೋರ್ಟಿನ ಒಪ್ಪಿಗೆ ಸಿಕ್ಕಿದೆ. ರಸ್ತೆ, ರೈಲು, ಆಸ್ಪತ್ರೆ ಕಟ್ಟಡ ಎಲ್ಲಾ ಅದರಲ್ಲಿ ಬರಲಿ. ಆದರೆ ಆ ದುಡ್ಡಿನಲ್ಲಿ ಇನ್ನೂ ಒಂದು ಪುಸ್ತಕ ಬರಬೇಕು. ಐವತ್ತು ಅರವತ್ತು ವರ್ಷ ಹಿಂದಿನಿಂದ ಮ್ಯಾಂಗನೀಸ್ ಗಣಿಗಳಲ್ಲಿ ಕೊರೆದ, ಒಡೆದ, ಆರಿಸಿದ ಹೆಂಗಸರು ಗಂಡಸರ ಹೆಸರಿನ ಪುಸ್ತಕ. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದ ಗುತ್ತಿಗೆ ಕೂಲಿಗಳ ಹೆಸರು ಮೊದಲು. ಆಮೇಲೆ ಡಾಕ್ಟರು ತಾಂಡಾ, ಕೇರಿ, ಹಟ್ಟಿಗಳಿಗೆ ಹೋಗಲಿ. ಇದಕ್ಕೆ ದೊಡ್ಡ ಯಂತ್ರವೇನೂ ಮೊದಲಿಗೆ ಬೇಡ. ಯಾವ ಗಣಿ, ಯಾವ ಕೆಲಸ, ಎಷ್ಟು ವರ್ಷ ಎಂದು ಕೇಳಿ ಬರೆಯಬೇಕು. ಹೆಬ್ಬೆರಳನ್ನು ತೋರುಬೆರಳಿಗೆ ಬೇಗ ಬೇಗ ತಟ್ಟಲು ಹೇಳಬೇಕು. ಅಂಗಳದಲ್ಲಿ ಹತ್ತು ಹೆಜ್ಜೆ ಮುಂದಕ್ಕೆ, ಬೆನ್ನ ಹಿಂದೆ ಒಬ್ಬರನ್ನು ಆಸರೆಗೆ ನಿಲ್ಲಿಸಿಕೊಂಡು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿ ನೋಡಬೇಕು.